ಡಬ್ಬ ಕೆಡದಿರಲೆಂದು ಕೈ ಕೆಟ್ಟಿತು

ಸುಣ್ಣ ಕೊಳೆಯುವುದಿಲ್ಲ. ಮೇಲೆ ನಾಲ್ಕು ಬೆರಳು ನೀರು ನಿಂತಿರುವಂತೆ ನೋಡಿಕೊಂಡರೆ ತೊಟ್ಟಿಯಲ್ಲಿ ಅರಳಿಸಿಟ್ಟ ಸುಣ್ಣ ವರ್ಷಗಟ್ಟಲೆ ಹಾಗೇ ಇರುತ್ತದೆ. ಅದಕ್ಕೆ ಗಂಜಿಯೋ ಗೋಂದೋ ಸೇರಿಸಿ, ಬಿಳುಪು ಎದ್ದು ಕಾಣಲೆಂದು ಚಿಟಿಕೆ ನೀಲಿ ಹಾಕಿ ಗೋಡೆಗೆ ಬಳಿದವರಿಗೆ ಅದು ಹಳಸೀತೆಂಬ ಅಂಜಿಕೆ ಇರಲಿಲ್ಲ. ಕಾರಣ ಅದರ ಕ್ಷಾರ. ಸುಣ್ಣದ ತಿಳಿಯ ಪಿಎಚ್ 12ನ್ನು ದಾಟುತ್ತದೆ. ಅಂಥ ಕಡೆ ಬ್ಯಾಕ್ಟೀರಿಯಾವಾಗಲಿ ಬೂಷ್ಟಾಗಲಿ ಬದುಕುವುದಿಲ್ಲ. ಹಾಗಂತ ಅದು ಸಾಧು ವಸ್ತುವೇನಲ್ಲ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು, ಬೆರಳ ಸಂದಿಗಳನ್ನು ಸುಟ್ಟು ಬಿರುಕು ಬಿಡಿಸುತ್ತದೆ. ಆದರೆ ಸುಡುವುದನ್ನು ಅಲ್ಲೇ, ಆಗಲೇ ಸುಡುತ್ತಿತ್ತು. ಸುಟ್ಟದ್ದು ಯಾವುದೆಂದು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ.

ಈಗ ದಸರೆ, ದೀಪಾವಳಿ ಹತ್ತಿರ ಬಂದಾಗ ಮನೆ ಮುಂದೆ ಇಳಿಯುವುದು ಎಮಲ್ಷನ್ ಪೇಂಟಿನ 20 ಲೀಟರ್ ಬಕೆಟ್‌ಗಳು. ಎಮಲ್ಷನ್ನಿನ ಆಧಾರ ನೀರು. ಆ ನೀರಿನಲ್ಲಿ ಅಕ್ರಿಲಿಕ್ ಅಂಟು, ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಮೈತುಂಬಲು ಸುಣ್ಣಕಲ್ಲಿನ ಪುಡಿ, ರೋಲರಿನಿಂದ ಸೋರದಷ್ಟು ಗಟ್ಟಿಯಾಗಲು ಸೆಲ್ಯುಲೋಸ್ ಇರುತ್ತವೆ. ಸೂಕ್ಷ್ಮಜೀವಿಗಳ ಕಣ್ಣಿಂದ ನೋಡಿದರೆ ಇದು ಬೇಸಿಗೆಯಲ್ಲಿ ಒಲೆಯ ಪಕ್ಕ ಮರೆತ ದೋಸೆಹಿಟ್ಟಿನ ಪಾತ್ರೆ. ಒಮ್ಮೆ ಒಳಸೇರಿದರೆ ಸಾಕು, ಸೆಲ್ಯುಲೋಸನ್ನು ತಿಂದು ಪೇಂಟನ್ನು ನೀರಾಗಿಸುತ್ತವೆ, ಗಾಳಿ ಹುಟ್ಟಿ ಮುಚ್ಚಳ ಉಬ್ಬುತ್ತದೆ, ತೆರೆದರೆ ಕೊಳೆತ ಮೊಟ್ಟೆಯ ನಾತ. ಕಾರ್ಖಾನೆಯಿಂದ ಗೋದಾಮಿಗೆ, ಅಲ್ಲಿಂದ ಅಂಗಡಿಗೆ ಬಂದು ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುವ ಸರಕು ಹೀಗೆ ಕೆಟ್ಟರೆ ಕಂಪನಿಗೆ ನಷ್ಟ. ಆದ್ದರಿಂದ ಪೇಂಟಿಗೆ ಪ್ರಿಸರ್ವೇಟಿವ್ ಹಾಕುತ್ತಾರೆ. ಹಳೆಯ ಎಣ್ಣೆ ಪೇಂಟಿಗೆ ಈ ಕಾಟವಿರಲಿಲ್ಲ, ಟರ್ಪೆಂಟೈನ್ ತುಂಬಿದ ಡಬ್ಬದಲ್ಲಿ ಏನು ತಾನೇ ಬೆಳೆದೀತು?

ಪೇಂಟರ್‌ಗಳ ಕೈ ತುರಿಕೆಯ ಕಥೆ ಈ ನೀರಿನಿಂದಲೇ ಶುರುವಾಗುತ್ತದೆ. ಅದರಲ್ಲಿ ಒಂದು ಕ್ರೂರ ಹಾಸ್ಯವಿದೆ: ಪೇಂಟಿಗೆ ನೀರು ಬಂದದ್ದೇ ಪೇಂಟರನ್ನು ಉಳಿಸಲಿಕ್ಕೆ.

ತಲೆ ಉಳಿಯಿತು, ಚರ್ಮ ಸಿಕ್ಕಿಬಿತ್ತು

1970ರ ದಶಕದಲ್ಲಿ ಡೆನ್ಮಾರ್ಕ್ ಮತ್ತು ಅಕ್ಕಪಕ್ಕದ ನಾಡುಗಳ ವೈದ್ಯರ ಬಳಿಗೆ ವಿಚಿತ್ರ ದೂರು ಹೊತ್ತ ಪೇಂಟರ್‌ಗಳು ಬರತೊಡಗಿದರು. ನೆನಪು ನಿಲ್ಲುತ್ತಿಲ್ಲ, ಸಿಡುಕು ಹೆಚ್ಚಾಗಿದೆ, ಬೆಳಗಿನಿಂದಲೇ ಆಯಾಸ. ಮುಚ್ಚಿದ ಕೋಣೆಗಳಲ್ಲಿ ವರ್ಷಾನುಗಟ್ಟಲೆ ದ್ರಾವಕಗಳ ಆವಿ ಕುಡಿದ ಮಿದುಳುಗಳು ಅವು. ‘ಪೇಂಟರ್ ಕಾಯಿಲೆ’ ಎಂಬ ಹೆಸರೇ ಬಿದ್ದಿತು. ಡೆನ್ಮಾರ್ಕ್ 1980ರ ದಶಕದ ಆರಂಭದಲ್ಲಿ ಪೇಂಟ್ ಡಬ್ಬಗಳಿಗೆ ಅಪಾಯದ ಸಂಕೇತ ಸಂಖ್ಯೆ ಕಡ್ಡಾಯ ಮಾಡಿತು. ಮುಂದೆ 2004ರ ಐರೋಪ್ಯ ನಿರ್ದೇಶನವೊಂದು ಒಳಗೋಡೆಯ ಮ್ಯಾಟ್ ಪೇಂಟಿನಲ್ಲಿ ಆವಿಯಾಗುವ ದ್ರಾವಕ 2010ರಿಂದ ಲೀಟರಿಗೆ 30 ಗ್ರಾಂ ಮೀರಕೂಡದೆಂದು ಕಟ್ಟು ಹಾಕಿತು. ದ್ರಾವಕ ಹಿಂದೆ ಸರಿದ ಜಾಗಕ್ಕೆ ನೀರು ಬಂತು, ನೀರಿನ ಬೆನ್ನಿಗೆ ಅದನ್ನು ಕಾಯುವ ರಾಸಾಯನಿಕಗಳು ಬಂದವು. ನಮ್ಮ ಅಂಗಡಿಗಳಲ್ಲಿ ‘ವಾಸನೆಯಿಲ್ಲದ ಪೇಂಟ್’ ಎಂದು ದುಬಾರಿ ಬೆಲೆಗೆ ಮಾರುವುದೂ ಇದೇ ದಾರಿಯ ಸರಕನ್ನು. ವಾಸನೆಯಿಲ್ಲ ಎಂದರೆ ಏನೂ ಇಲ್ಲ ಎಂದು ಮನೆಯವರು ಅಂದುಕೊಳ್ಳುತ್ತಾರೆ. ಪೇಂಟರನೂ ಹಾಗೇ ಅಂದುಕೊಂಡು ಬರಿಗೈಯಲ್ಲಿ ಕಲಸುತ್ತಾನೆ.

ಮೊದಮೊದಲ ಕಾವಲುಗಾರರಲ್ಲಿ ಒಂದು ಪಾದರಸ. 1989ರ ಆಗಸ್ಟಿನಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ನಾಲ್ಕು ವರ್ಷದ ಹುಡುಗನೊಬ್ಬ ಕೈಕಾಲು ಕೆಂಪಗಾಗಿ, ನೋವಿನಿಂದ ನಡೆಯಲಾರದೆ ಆಸ್ಪತ್ರೆ ಸೇರಿದ. ಮೂಲ ಹುಡುಕಿದಾಗ ಸಿಕ್ಕಿದ್ದು ಅವನ ಮನೆಯ ಒಳಗೋಡೆಗಳಿಗೆ ಆಗಷ್ಟೇ ಬಳಿದಿದ್ದ ನೀರಿನ ಪೇಂಟ್. ಪೇಂಟ್ ಕೆಡದಿರಲೆಂದು ಹಾಕಿದ ಪಾದರಸದ ಸಂಯುಕ್ತ ಗೋಡೆಯಿಂದ ಆವಿಯಾಗಿ ಮನೆಯ ಗಾಳಿಯನ್ನು ಸೇರಿತ್ತು. ಮಾರನೇ ವರ್ಷವೇ ಅಮೆರಿಕ ಒಳಗೋಡೆಯ ಪೇಂಟಿನಲ್ಲಿ ಪಾದರಸವನ್ನು ನಿಲ್ಲಿಸಿತು. ಆ ಕೆಲಸಕ್ಕಿದ್ದ ಇನ್ನೊಂದು ಬಗೆ, ಮೆಲ್ಲಮೆಲ್ಲಗೆ ಫಾರ್ಮಾಲ್ಡಿಹೈಡ್ ಬಿಡುಗಡೆ ಮಾಡುವ ರಾಸಾಯನಿಕಗಳು. ಅವುಗಳ ಹೆಸರೂ ಕೆಟ್ಟಿತು. ಜಾಗ ಹಿಡಿದದ್ದು ನಾಲಗೆ ತಿರುಗದ ಹೆಸರಿನ ಒಂದು ಕುಟುಂಬ: ಐಸೊಥಯಾಜೊಲಿನೋನ್. ಮೀಥೈಲ್‌ಐಸೊಥಯಾಜೊಲಿನೋನ್, ಅದರ ಕ್ಲೋರಿನ್ ಸೇರಿದ ಅಣ್ಣ, ಬೆಂಜ್‌ಐಸೊಥಯಾಜೊಲಿನೋನ್, ಒಣಗಿದ ಗೋಡೆಯ ಮೇಲೆ ಬೂಷ್ಟು ಹತ್ತದಂತೆ ಕಾಯುವ ಆಕ್ಟೈಲ್‌ಐಸೊಥಯಾಜೊಲಿನೋನ್. ಉದ್ಯಮದವರು ಎಂಐ, ಎಂಸಿಐ, ಬಿಐಟಿ, ಒಐಟಿ ಎಂದು ಮುಗಿಸುತ್ತಾರೆ, ನಾವೂ ಹಾಗೇ ಕರೆಯೋಣ.

ಈ ಅಣುಗಳ ಉಂಗುರದಲ್ಲಿ ಗಂಧಕಕ್ಕೂ ಸಾರಜನಕಕ್ಕೂ ನಡುವೆ ಒಂದು ದುರ್ಬಲ ಬಂಧವಿದೆ. ಬ್ಯಾಕ್ಟೀರಿಯಾದ ಪ್ರೋಟೀನಿನಲ್ಲಿರುವ ಗಂಧಕ ಎದುರಾದರೆ ಉಂಗುರ ಬಿಚ್ಚಿಕೊಂಡು ಅದಕ್ಕೆ ಅಂಟುತ್ತದೆ, ಬ್ಯಾಕ್ಟೀರಿಯಾದ ಉಸಿರಾಟ ನಿಲ್ಲುತ್ತದೆ. ಮನುಷ್ಯನ ಚರ್ಮದ ಪ್ರೋಟೀನಿನಲ್ಲೂ ಇರುವುದು ಅದೇ ಗಂಧಕ. ಅಂದರೆ ಇದು ಕೊಲ್ಲುವ ಗುಣವೊಂದು, ಅಲರ್ಜಿಯ ಗುಣವೊಂದು ಎಂದು ಬಿಡಿಸಿ ತೆಗೆಯಬಹುದಾದ ಸಂಗತಿಯಲ್ಲ. ಎರಡೂ ಒಂದೇ ಗುಣ. ‘ಚರ್ಮಕ್ಕೆ ಏನೂ ಮಾಡದ, ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವ’ ಹೊಸ ಪ್ರಿಸರ್ವೇಟಿವ್ ಬಂದಿದೆ ಎಂದು ಯಾರಾದರೂ ಹೇಳಿದರೆ ನಾನಂತೂ ಒಂದೆರಡು ವರ್ಷ ಕಾದು ನೋಡುತ್ತೇನೆ.

ಒಂದು ಮುಖ, ಒಂದು ಕೈ

ಎಂಸಿಐ ಮತ್ತು ಎಂಐಗಳ ಮಿಶ್ರಣ 1980ರ ದಶಕದಲ್ಲಿ ಯುರೋಪಿನ ಕ್ರೀಮು, ಶಾಂಪೂಗಳಿಗೆ ಬಂದು ಅಲರ್ಜಿಯ ಮೊದಲ ಅಲೆಯನ್ನೆಬ್ಬಿಸಿತು. ಇಬ್ಬರಲ್ಲಿ ಉಗ್ರ ಎಂಸಿಐ, ಸೌಮ್ಯ ಎಂಐ ಎಂಬ ನಂಬಿಕೆ ಹುಟ್ಟಿತು. 2000ದ ಆಸುಪಾಸಿಗೆ ಎಂಐಯನ್ನು ಒಂಟಿಯಾಗಿ ಪೇಂಟ್, ಅಂಟುಗಳಂಥ ಕಾರ್ಖಾನೆ ಸರಕಿಗೆ ಹಾಕತೊಡಗಿದರು. 2005ರಲ್ಲಿ ಸೌಂದರ್ಯ ಸಾಮಗ್ರಿಗಳಿಗೂ 100 ಪಿಪಿಎಂವರೆಗೆ ಅನುಮತಿ ಸಿಕ್ಕಿತು. ಸೌಮ್ಯ ಎಂದರೆ ಬ್ಯಾಕ್ಟೀರಿಯಾದ ಮೇಲೂ ಸೌಮ್ಯವೇ ತಾನೆ, ಹಾಗಾಗಿ ಹೆಚ್ಚು ಹಾಕಬೇಕಾಯಿತು.

ಮೊದಲ ಎಚ್ಚರಿಕೆ ಕೊಟ್ಟದ್ದು ಕ್ರೀಮು ಹಚ್ಚಿದ ಮುಖಗಳಲ್ಲ, ಕೆಲಸಗಾರರ ಕೈಗಳು. 2004ರಲ್ಲಿ ಸ್ವೀಡನ್ನಿನ ವೈದ್ಯರು ವರದಿ ಮಾಡಿದ ಆರಂಭದ ಪ್ರಕರಣಗಳಲ್ಲಿ ಗೋಡೆಗೆ ಹೊದಿಕೆ ಅಂಟಿಸುವ ಗೋಂದಿನಿಂದ ಅಲರ್ಜಿಯಾದದ್ದಿತ್ತು. 2006ರಲ್ಲಿ ಡೆನ್ಮಾರ್ಕಿನಿಂದ ಪೇಂಟ್ ಕಾರ್ಖಾನೆಯೊಂದರ ಕೆಲಸಗಾರರ ವರದಿ ಬಂತು. ಯಾರೂ ಹೆಚ್ಚು ಕಿವಿಗೊಡಲಿಲ್ಲ. ಆಮೇಲೆ ಮಗುವಿನ ತಳ ಒರೆಸುವ ಒದ್ದೆ ಟಿಶ್ಯೂ, ಮುಖದ ಕ್ರೀಮುಗಳಿಂದ ಗ್ರಾಹಕರ ಮುಖ ಕೆಂಪಾದಾಗ ಗಲಾಟೆಯೆದ್ದಿತು. ಅಮೆರಿಕದ ಸ್ಪರ್ಶ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಎಂಐಯನ್ನು ‘ವರ್ಷದ ಅಲರ್ಜಿಕಾರಕ’ ಎಂದು ಸಾರಿತು. ಯುರೋಪು 2016ರ ನಿಯಮದಿಂದ ಹಚ್ಚಿಕೊಂಡು ಬಿಡುವ ಕ್ರೀಮುಗಳಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ತೊಳೆದುಬಿಡುವ ಶಾಂಪೂ, ಸೋಪುಗಳಿಗೆ 2017ರ ನಿಯಮದಲ್ಲಿ 15 ಪಿಪಿಎಂ ಮಿತಿ ಹಾಕಿತು.

ಪೇಂಟಿಗೆ? ನಿಷೇಧವಿಲ್ಲ. 2020ರ ಮೇ ತಿಂಗಳಿಂದ 15 ಪಿಪಿಎಂ ಅಥವಾ ಅದಕ್ಕಿಂತ ಹೆಚ್ಚು ಎಂಐ ಇರುವ ಡಬ್ಬದ ಮೇಲೆ ಚರ್ಮಕ್ಕೆ ಅಲರ್ಜಿ ತರಬಹುದೆಂಬ ಎಚ್ಚರಿಕೆ ಬರೆಯಬೇಕು, ಅಷ್ಟೇ. ಈ ಚೀಟಿ ಬಂದ ಮೇಲೆ ಅಲ್ಲಿನ ಹಲವು ಕಂಪನಿಗಳು ಪ್ರಮಾಣ ಇಳಿಸಿದವೆಂಬುದು ನಿಜ, ಎಚ್ಚರಿಕೆಯ ಚಿತ್ರವಿರುವ ಡಬ್ಬವನ್ನು ಯಾರೂ ಇಷ್ಟಪಟ್ಟು ಕೊಳ್ಳುವುದಿಲ್ಲ. ಆದರೂ ದಿನಕ್ಕೆ ಎರಡು ನಿಮಿಷ ಕ್ರೀಮು ಸವರುವ ಮುಖಕ್ಕೆ ನಿಷೇಧದ ರಕ್ಷಣೆ, ದಿನಕ್ಕೆ ಎಂಟು ಗಂಟೆ ಪೇಂಟಿನಲ್ಲಿ ಅದ್ದಿದ ಕೈಗೆ ಒಂದು ಚೀಟಿ. ಕಾನೂನು ಬರೆದವರು ಯಾರನ್ನು ಕಣ್ಣ ಮುಂದಿಟ್ಟುಕೊಂಡಿದ್ದರೆಂದು ಬೇರೆ ಹೇಳಬೇಕಿಲ್ಲ.

100 ಪಿಪಿಎಂ ಎಂದರೆ ಎಷ್ಟು? ಒಂದು 20 ಲೀಟರ್ ಬಕೆಟ್ಟಿನ ಪೇಂಟು ಸುಮಾರು 28 ಕಿಲೋ ತೂಗಿದರೆ ಅದರೊಳಗೆ ಮೂರು ಗ್ರಾಂ ಕೂಡ ಇಲ್ಲ. ಐದು ಐರೋಪ್ಯ ದೇಶಗಳ ಅಂಗಡಿಗಳಿಂದ 71 ಪೇಂಟುಗಳನ್ನು ಕೊಂಡು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಡಬ್ಬಗಳಲ್ಲಿ ಎಂಐ ಇತ್ತು, ಬಿಐಟಿಯೂ ಅಷ್ಟೇ. ಬಳಿದು ಒಣಗಿದ ಮೇಲೂ ಕಥೆ ಮುಗಿಯುವುದಿಲ್ಲ. ಡೆನ್ಮಾರ್ಕಿನ ಸಂಶೋಧಕರು ಪೇಂಟ್ ಬಳಿದ ಮೇಲ್ಮೈಗಳ ಮೇಲಿನ ಗಾಳಿಯನ್ನು ಅಳೆದಾಗ 42 ದಿನಗಳ ನಂತರವೂ ಎಂಐ ಹೊರಡುತ್ತಲೇ ಇತ್ತು. ಈಗಾಗಲೇ ಅಲರ್ಜಿ ಇರುವವರು ಹೊಸ ಪೇಂಟಿನ ಕೋಣೆಗೆ ಕಾಲಿಟ್ಟರೆ ಸಾಕು, ಏನನ್ನೂ ಮುಟ್ಟದೆಯೇ ಕಣ್ಣರೆಪ್ಪೆ ಊದಿಕೊಳ್ಳುತ್ತದೆ, ಕೆಲವರಿಗೆ ಉಬ್ಬಸವೂ ಬರುತ್ತದೆ. ಎಂಸಿಐ–ಎಂಐ ಮಿಶ್ರಣವಿದ್ದ ಪೇಂಟಿನಿಂದ ಹೀಗಾದ ಮನೆಗಳ ಗೋಡೆಗಳಿಗೆ ಸೋಡಿಯಂ ಬೈಸಲ್ಫೈಟ್ ದ್ರಾವಣ ಬಳಿದು ರಾಸಾಯನಿಕದ ಹಲ್ಲು ಕಿತ್ತ ಉದಾಹರಣೆಗಳೂ ಸ್ವಿಟ್ಜರ್ಲೆಂಡಿನಲ್ಲಿ ಇವೆ.

ಕಾಂಗ್ರೆಸ್ ಗಿಡದ ಮೇಲೆ ಗುಮಾನಿ

ಬೆಂಗಳೂರಿನಲ್ಲಿ ಮುಖ, ಕತ್ತು, ಕಣ್ಣರೆಪ್ಪೆಗಳಲ್ಲಿ ತುರಿಕೆಯೆದ್ದ ಕೂಲಿಯವರು ಬಂದರೆ ಚರ್ಮವೈದ್ಯರಿಗೆ ಮೊದಲು ನೆನಪಾಗುವುದು ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ. ಅದು ಸರಿಯೂ ಹೌದು. ಗಾಳಿಯಲ್ಲಿ ತೇಲಿಬಂದು ಚರ್ಮ ಕೆರಳಿಸುವವುಗಳಲ್ಲಿ ಇಡೀ ದೇಶದಲ್ಲೇ ಅದು ಮುಂದು. ಅರ್ಧ ಕಟ್ಟಿದ ಮನೆಯ ಸುತ್ತ ಖಾಲಿ ಸೈಟಿನಲ್ಲಿ ಅದು ಎದೆಯೆತ್ತರ ಬೆಳೆದೂ ಇರುತ್ತದೆ. ಆದರೆ ಗೋಡೆಯಿಂದ ಎದ್ದ ಎಂಐಯೂ ಕೂರುವುದು ಅದೇ ಕಣ್ಣರೆಪ್ಪೆಯ ಮೇಲೆ, ಅದೇ ಕತ್ತಿನ ಮೇಲೆ. ರೋಗಿ ‘ಕೂಲಿ ಕೆಲಸ’ ಎಂದಷ್ಟೇ ಹೇಳಿ ಸುಮ್ಮನಾದರೆ ಗಿಡದ ತಲೆಗೆ ಅಪವಾದ ಕಟ್ಟಿ ಕಳಿಸುವುದು ಸುಲಭ.

ಇನ್ನೊಂದು ಗೊಂದಲ ಪುಟ್ಟಿಯದು. ಗೋಡೆಗೆ ಬಿಳಿ ಸಿಮೆಂಟಿನ ಪುಟ್ಟಿ ಎಳೆದು, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜುವ ಕೆಲಸ ಪೇಂಟಿಂಗಿನ ಅರ್ಧ ದುಡಿಮೆ. ಆ ಕ್ಷಾರದ ಧೂಳು ಚರ್ಮವನ್ನು ಒಣಗಿಸಿ, ಕೆರೆದು ತೂತುಬೀಳಿಸುತ್ತದೆ. ಇದು ಅಲರ್ಜಿಯಲ್ಲ, ಬರೀ ಉರಿ. ಯಾರ ಕೈ ಆದರೂ ಅಷ್ಟು ಹೊತ್ತು ಅದರಲ್ಲಿದ್ದರೆ ಒಡೆದೀತು. ಪೇಂಟರ್‌ಗಳ ಕೈತೊಂದರೆಯಲ್ಲಿ ದೊಡ್ಡ ಪಾಲು ಇದರದೇ. ಸಂಜೆ ಥಿನ್ನರಿನಲ್ಲೋ ಸೀಮೆಎಣ್ಣೆಯಲ್ಲೋ ಕೈ ತೊಳೆಯುವ ಅಭ್ಯಾಸ ಇದಕ್ಕೆ ಸೇರಿದರೆ ಚರ್ಮದ ಜಿಡ್ಡೂ ಹೋಗುತ್ತದೆ. ಎಮಲ್ಷನ್ ಒಣಗುವ ಮುಂಚೆ ತೊಳೆದರೆ ನೀರು, ಸೋಪು ಸಾಕು. ಆದರೂ ಥಿನ್ನರ್ ಡಬ್ಬ ಹತ್ತಿರದಲ್ಲೇ ಇರುತ್ತದಲ್ಲ. ಹೀಗೆ ಬೇಲಿ ಕಿತ್ತ ಚರ್ಮದೊಳಕ್ಕೆ ಮಾರನೇ ದಿನ ಪೇಂಟಿನ ಎಂಐ ಸಲೀಸಾಗಿ ಇಳಿಯುತ್ತದೆ. ಉರಿಯಾಗಿ ಶುರುವಾದದ್ದು ಅಲರ್ಜಿಯಾಗಿ ತಿರುಗುವುದು ಹೀಗೆ.

ಅಲರ್ಜಿಯ ಬಗೆಯೇ ಬೇರೆ. ಮೊದಲ ಸಲ ಸೋಕಿದಾಗ ಏನೂ ಆಗುವುದಿಲ್ಲ. ಒಳಹೊಕ್ಕ ಪುಟ್ಟ ಅಣು ಪ್ರೋಟೀನಿಗೆ ಅಂಟಿಕೊಂಡು ಪರಕೀಯ ರೂಪ ತಾಳುತ್ತದೆ. ಚರ್ಮದ ಕಾವಲು ಕೋಶಗಳು ಅದನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಟಿ ಕೋಶಗಳು ಅದರ ಗುರುತು ಹಿಡಿದಿಟ್ಟುಕೊಳ್ಳುತ್ತವೆ. ಇದಕ್ಕೆ ವಾರವೆರಡು ವಾರ ಸಾಕು, ಇಪ್ಪತ್ತು ವರ್ಷ ಬಳಿದ ಮೇಲೆ ಆಗುವುದೂ ಉಂಟು. ಆನಂತರ ಪ್ರತಿ ಸಲ ಸೋಕಿದಾಗಲೂ ಒಂದರಿಂದ ಮೂರು ದಿನದೊಳಗೆ ಕೆಂಪು, ನೀರುಗುಳ್ಳೆ, ತುರಿಕೆ. ಈ ತಡವೇ ಮೋಸ ಮಾಡುವುದು. ಸೋಮವಾರ ಬಳಿದ ಪೇಂಟಿಗೆ ಬುಧವಾರ ಕೈ ಕೆರೆಯುತ್ತದೆ, ಬುಧವಾರ ತಿಂದ ಬದನೆಕಾಯಿಯ ಮೇಲೆ ಸಿಟ್ಟು ಹೋಗುತ್ತದೆ. ನಂಜು ಎಂದು ಪಥ್ಯ ಹಿಡಿದವರು ಎಷ್ಟೋ ಮಂದಿ. ಆ ಗುರುತು ಮೈಯಿಂದ ಅಳಿಯುವುದಿಲ್ಲ, ಅಳಿಸುವ ಔಷಧವೂ ಇಲ್ಲ. ಇರುವ ಉಪಾಯ ಒಂದೇ, ಆ ವಸ್ತುವಿನಿಂದ ದೂರವಿರುವುದು. ಪೇಂಟರನಿಗೆ ಪೇಂಟಿನಿಂದ ದೂರವಿರು ಎಂದರೆ ಏನರ್ಥ?

ಹಾಗಾಗಿ ಆತ ವೈದ್ಯರ ಬದಲು ಔಷಧದ ಅಂಗಡಿಗೆ ಹೋಗುತ್ತಾನೆ. “ಅಣ್ಣಾ, ಕೈ ತುರ್ಕೆಗೆ ಒಂದ್ ಟ್ಯೂಬ್ ಕೊಡಿ.” ಸಿಗುವುದು ಬಹುಪಾಲು ಸ್ಟೆರಾಯ್ಡ್ ಬೆರೆತ ಮುಲಾಮು. ಎರಡು ದಿನದಲ್ಲಿ ತುರಿಕೆ ಅಡಗುತ್ತದೆ, ಆತ ಮತ್ತೆ ಬಕೆಟ್ಟಿಗೆ ಕೈಯಿಡುತ್ತಾನೆ, ಮತ್ತೆ ಟ್ಯೂಬು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗಿ ಬಿರಿಯುತ್ತದೆ, ಹುಳುಕಡ್ಡಿಯಂಥ ಶಿಲೀಂಧ್ರ ಬೇರೆ ಸೇರಿಕೊಳ್ಳುತ್ತದೆ.

1948ರ ಕಾರ್ಖಾನೆ ಕಾಯ್ದೆಯ ಮೂರನೇ ಪರಿಶಿಷ್ಟದಲ್ಲಿ, ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿನಲ್ಲಿ, ರಾಸಾಯನಿಕ ಮತ್ತು ಪೇಂಟುಗಳ ಸ್ಪರ್ಶದಿಂದ ಬರುವ ಚರ್ಮರೋಗವೂ ಇತ್ತು. ಉರಿಸುವ ಬಗೆ, ಅಲರ್ಜಿಯ ಬಗೆ ಎಂಬ ವಿಂಗಡಣೆ ಸಮೇತ. ಕಾನೂನು ಬರೆದವರಿಗೆ ವಿಷಯ ತಿಳಿದಿತ್ತೆಂದಾಯಿತು. ಆದರೆ ಅದು ಕಾರ್ಖಾನೆಯ ಗೇಟಿನೊಳಗಿನ ಮಾತು. ಮೇಸ್ತ್ರಿಯ ಕರೆ ಬಂದಾಗ ಟಿಫನ್ ಡಬ್ಬಿ ಹಿಡಿದು ಇವತ್ತು ರಾಜಾಜಿನಗರ, ನಾಳೆ ಯಲಹಂಕ ಎಂದು ಹೋಗುವವನ ಕೈಯನ್ನು ಯಾವ ಕಾರ್ಖಾನೆಯ ವೈದ್ಯ ನೋಡುತ್ತಾನೆ?

ಡಬ್ಬದ ಮೇಲೆ ಬರೆಸುವುದು ಇಲ್ಲಿ ಆಗದ ಕೆಲಸವೇನಲ್ಲ. ಸೀಸದ ವಿಷಯದಲ್ಲಿ ಆಗಿದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮತ್ತಿತರರು ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ದನಿಯೆತ್ತಿದರು. ಕೇಂದ್ರ ಸರ್ಕಾರ 2016ರಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು, ಅದನ್ನು ಡಬ್ಬದ ಮೇಲೆ ನಮೂದಿಸಬೇಕು ಎಂದು ನಿಯಮ ತಂದಿತು. ಆ ನಿಯಮ ಪ್ರಿಸರ್ವೇಟಿವ್‌ಗಳ ಬಗ್ಗೆ ಮಾತಾಡುವುದಿಲ್ಲ. ನಮ್ಮ ಪೇಂಟ್ ಕಂಪನಿಗಳಿಗೆ ಪೇಂಟರನೊಡನೆ ಮಾತಾಡಲು ಬರುವುದಿಲ್ಲವೆಂದಲ್ಲ. ಅವನಿಗೆಂದೇ ಡಬ್ಬದೊಳಗೆ ಟೋಕನ್ ಹಾಕಿ ಕಳಿಸುವ ಪದ್ಧತಿ ಇದೆ, ಈಗ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಪಡೆಯುವುದೂ ಬಂದಿದೆ. ಇಂತಿಂಥ ರಾಸಾಯನಿಕ ಇದರಲ್ಲಿದೆ, ಕೈಗವಸು ಹಾಕಿಕೋ ಎಂದು ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ಬರೆದ ಚೀಟಿಯೊಂದನ್ನು ಅದೇ ಟೋಕನ್ನಿನ ಬೆನ್ನಿಗೆ ಅಂಟಿಸಿದರೆ ಖರ್ಚು ಎಷ್ಟಾದೀತು?

ಪ್ರಿಸರ್ವೇಟಿವ್ ಇಲ್ಲದ ಗೋಡೆ

ದಾರಿಗಳಿಲ್ಲದಿಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಸಿಲಿಕೇಟ್ ಪೇಂಟುಗಳ ಬಳಕೆ ಹಳೆಯದು. ಅವುಗಳ ಪಿಎಚ್ 11ರ ಆಸುಪಾಸು, ಹಾಗಾಗಿ ಬ್ಯಾಕ್ಟೀರಿಯಾಗೆ ಜಾಗವಿಲ್ಲ, ಕಾವಲೂ ಬೇಡ. ಜರ್ಮನಿಯ ಬ್ಲೂ ಏಂಜೆಲ್ ಎಂಬ ಪರಿಸರ ಮುದ್ರೆ ಒಳಗೋಡೆಯ ಪೇಂಟುಗಳಿಗೆ 2019ರಿಂದ ಪ್ರಿಸರ್ವೇಟಿವ್ ಇರಬಾರದೆಂಬ ಷರತ್ತು ಹಾಕಿದೆ. ನಮ್ಮಲ್ಲೇ ನೋಡಿದರೆ, ಪುಡಿಯಾಗಿ ಬಂದು ಸ್ಥಳದಲ್ಲೇ ನೀರಿಗೆ ಕಲಸುವ ಸ್ನೋಸೆಮ್‌ನಂಥ ಸಿಮೆಂಟ್ ಪೇಂಟಿಗೆ ಡಬ್ಬದಲ್ಲಿ ಕೆಡುವ ಪ್ರಶ್ನೆಯೇ ಬರುವುದಿಲ್ಲ; ನೀರು ಸೇರುವುದೇ ಬಳಿಯುವ ದಿನ. ಸುಣ್ಣವಂತೂ ಇದ್ದೇ ಇದೆ. ಇವೆಲ್ಲ ಕ್ಷಾರವಾದ್ದರಿಂದ ಕನ್ನಡಕ, ಕೈಗವಸು ಬೇಕೇ ಬೇಕು. ಒರೆಸಿದರೆ ಹೊಳೆಯುವ ನುಣುಪು ಇವುಗಳಿಂದ ಬರುವುದಿಲ್ಲ, ಶೇಡ್ ಕಾರ್ಡಿನ ಸಾವಿರಾರು ಬಣ್ಣಗಳೂ ಸಿಗುವುದಿಲ್ಲ. ಬಳಿಯುವವನಿಗೆ ಇದು ಒಪ್ಪಿಗೆಯಾದರೂ ಆರಿಸುವವನು ಅವನಲ್ಲ.

ಸದ್ಯಕ್ಕೆ ಕೈಗೆ ಸಿಗುವುದು ನೈಟ್ರೈಲ್ ಕೈಗವಸು. ಒಳಗೆ ಬೆವರುತ್ತದೆ, ಬ್ರಷ್ಷಿನ ಹಿಡಿತ ಸಿಗುವುದಿಲ್ಲ ಎಂಬ ದೂರು ಸುಳ್ಳಲ್ಲ. ಒಳಗೆ ತೆಳು ಹತ್ತಿಯ ಕೈಗವಸು ತೊಟ್ಟರೆ, ಮಧ್ಯಾಹ್ನ ಊಟದ ಹೊತ್ತಿಗೆ ಹೊಸದು ಹಾಕಿಕೊಂಡರೆ ತಡೆದುಕೊಳ್ಳಬಹುದು. ಬೆಳಗ್ಗೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಸಂಜೆ ಪೇಂಟ್ ಬೇಗ ಬಿಡುತ್ತದೆ, ಆದರೆ ಎಂಐಯನ್ನು ಅದು ತಡೆಯುವುದಿಲ್ಲ. ರೋಲರ್ ತೊಳೆಯುವಾಗ, ಬಕೆಟ್ಟಿನಲ್ಲಿ ಕೈಯಿಂದಲೇ ಕಲಸುವಾಗ ಸೋಕುವಷ್ಟು ಪೇಂಟು ಗೋಡೆಗೆ ಬಳಿಯುವಾಗ ಸೋಕುವುದಿಲ್ಲ. ಕಲಸುವುದಕ್ಕೆ ಒಂದು ಕೋಲು ಸಾಕು.

ತುರಿಕೆ ಬಂದೇ ಬಿಟ್ಟಿದ್ದರೆ, ರಜೆಯಲ್ಲಿ ಇಳಿದು ಕೆಲಸಕ್ಕೆ ಮರಳಿದೊಡನೆ ಏರುತ್ತಿದ್ದರೆ, ಆಗ ಮಾಡಿಸಬೇಕಾದದ್ದು ಪ್ಯಾಚ್ ಟೆಸ್ಟ್. 1895ರಲ್ಲಿ ಯೋಸೆಫ್ ಯಾಡಾಸೋನ್ ಎಂಬ ಜರ್ಮನ್ ವೈದ್ಯ ತೋರಿಸಿಕೊಟ್ಟ ವಿಧಾನ ಇಂದಿಗೂ ಹೆಚ್ಚು ಬದಲಾಗಿಲ್ಲ. ಗುಮಾನಿಯ ವಸ್ತುಗಳನ್ನು ಪುಟ್ಟ ಬಟ್ಟಲುಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ, 48 ಗಂಟೆ ಬಿಟ್ಟು ತೆಗೆಯುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ, ಒಮ್ಮೊಮ್ಮೆ ಏಳನೇ ದಿನವೂ ಕರೆಯುತ್ತಾರೆ. ಎಂಸಿಐ–ಎಂಐಗಳ ಹಳೆಯ ಮಿಶ್ರಣದಿಂದ ಮಾತ್ರ ಪರೀಕ್ಷಿಸಿದರೆ ಎಂಐ ಅಲರ್ಜಿ ಕೈತಪ್ಪಿ ಹೋಗುವುದುಂಟು. ಹಾಗೆಂದೇ ಯುರೋಪಿನ ಮೂಲ ಪಟ್ಟಿಗೆ 2014ರಿಂದ ಎಂಐಯನ್ನು 2000 ಪಿಪಿಎಂ ಪ್ರಮಾಣದಲ್ಲಿ ಪ್ರತ್ಯೇಕವಾಗಿ ಸೇರಿಸಿದ್ದಾರೆ. ಬಳಸಿದ ಪೇಂಟ್, ಪ್ರೈಮರ್, ಪುಟ್ಟಿಗಳ ಡಬ್ಬದ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ, ನಾನು ಪೇಂಟರ್, ಎಂಐ, ಬಿಐಟಿಗಳನ್ನೂ ಪರೀಕ್ಷೆಗೆ ಸೇರಿಸಿ ಎಂದು ಬಾಯಿಬಿಟ್ಟು ಕೇಳಬೇಕು.

ಕಷ್ಟವಿರುವುದು ಆ ಎರಡು ದಿನಗಳಲ್ಲಿ. ಬೆನ್ನು ಒದ್ದೆಯಾಗಬಾರದು, ಬೆವರಬಾರದು, ಕೈಯೆತ್ತಿ ದುಡಿದರೆ ಪಟ್ಟಿ ಕಿತ್ತುಬರುತ್ತದೆ. ಅಂದರೆ ಸೂರಿಗೆ ಬಣ್ಣ ಬಳಿಯುವವನು ಅಷ್ಟೂ ದಿನ ಕೂಲಿ ಬಿಡಬೇಕು, ಹಬ್ಬದ ಹಿಂದುಮುಂದಿನಲ್ಲಿ ಅದು ಆಗುವ ಮಾತಲ್ಲ. ಆಷಾಢದಲ್ಲಿ ಗೃಹಪ್ರವೇಶಗಳಿರುವುದಿಲ್ಲ, ಮಳೆಗೆ ಹೊರಗೋಡೆಯ ಕೆಲಸ ನಿಂತಿರುತ್ತದೆ, ಬೆವರೂ ಕಡಿಮೆ. ಚರ್ಮದ ವೈದ್ಯರಲ್ಲಿ ದಿನ ಕೇಳುವುದಾದರೆ ಆಗ ಕೇಳುವುದು ಒಳ್ಳೆಯದು.